ಗುಂಡು ಭಾರ, ಗುರಿ ಮೇಲೆ

ಹೊನ್ನಾವರದ ಹೆದ್ದಾರಿ ಬಿಟ್ಟು ಗುಡ್ಡದ ಕಡೆ ಸ್ವಲ್ಪ ದೂರ ಹೋದರೆ, ಕಲ್ಲು ತೆಗೆದು ಬಿಟ್ಟುಹೋದ ಒಂದು ಚಿರೆಕಲ್ಲಿನ ಕ್ವಾರಿ ಸಿಗುತ್ತದೆ. ಮೂರು ಕಡೆ ಕೆಂಪು ಗೋಡೆ, ಒಂದು ಕಡೆ ತಗಡಿನ ಚಪ್ಪರ. ಕಲ್ಲು ಕಡಿಯುವವರು ಹೋದ ಮೇಲೆ ಅಲ್ಲಿಗೆ ಬಂದದ್ದು ನಮ್ಮ ಸಂಘ. ಪೂರ್ಣ ಹೆಸರು ‘ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಸಂಯುಕ್ತ ಗುರಿ ಅಭ್ಯಾಸಿಗಳ ಸಂಘ’. ಬೋರ್ಡು ಬರೆಯುವವನು ಮೂರು ತಾಲೂಕು ಮುಗಿಸುವಷ್ಟರಲ್ಲಿ ತಗಡು ಮುಗಿದಿದ್ದರಿಂದ ಸಂಘ ಎಂಥದ್ದು ಎಂಬುದು ಬೋರ್ಡಿನಿಂದ ತಿಳಿಯುವುದಿಲ್ಲ. ಜನ ‘ಕ್ವಾರಿ ಕ್ಲಬ್’ ಎನ್ನುತ್ತಾರೆ.

ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಎದುರಿನ ಗೋಡೆ. ಟಾರ್ಗೆಟ್ ಕಾಗದ ಅಂಟಿಸುವ ಹಲಗೆಗಳ ಸ್ವಲ್ಪ ಮೇಲೆ ಸುಣ್ಣದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ಬರೆದ ಒಂದು ಸಾಲು: ಗುಂಡು ಭಾರ, ಗುರಿ ಮೇಲೆ. ಬರೆದವರು ದಿನಕರ ಮೊಗೇರರು. ನಮ್ಮ ಮಾಸ್ತರರು.

ದಿನಕರ ಮೊಗೇರರು ತೆಂಗಿನಗುಂಡಿಯವರು. ತಂದೆ, ಅಜ್ಜ, ಅಜ್ಜನ ತಮ್ಮಂದಿರು ಎಲ್ಲರೂ ಸಮುದ್ರದ ಮೇಲೆ ಬದುಕಿದವರು. ದಿನಕರರಿಗೆ ಮಾತ್ರ ದೋಣಿ ಅಳಿವೆ ದಾಟಿ ಸಮುದ್ರ ಸೇರುವ ಮೊದಲೇ ಹೊಟ್ಟೆ ತೊಳೆಸುತ್ತಿತ್ತು. ಮೊಗೇರರ ಮನೆಯ ಹುಡುಗನಿಗೆ ಇದು ಸಣ್ಣ ಅವಮಾನವಲ್ಲ. ಹಾಗಾಗಿ ಅವರು ನೆಲದ ಮೇಲಿನ ಕೆಲಸ ಹುಡುಕಿಕೊಂಡು ಪೊಲೀಸ್ ಇಲಾಖೆ ಸೇರಿದರು. ಅಲ್ಲಿ ಅವರಿಗೆ ಬಂದೂಕು ಇಡುವ ಕೋಣೆಯ ಉಸ್ತುವಾರಿ ಸಿಕ್ಕಿತು. ನಿವೃತ್ತಿಯವರೆಗೂ ಅದೇ ಕೆಲಸ. ಒರೆಸಿದರು, ಎಣ್ಣೆ ಹಾಕಿದರು, ಬೀಗ ಹಾಕಿದರು. ಹೊಡೆದದ್ದು ಕಡಿಮೆ. ಆದರೆ ಬಂದೂಕಿನ ಕೋಣೆಯಲ್ಲಿ ಅಷ್ಟು ವರ್ಷ ಕೂತವನು ಹೊರಗೆ ಬಂದು ‘ನನಗೆ ಗೊತ್ತಿಲ್ಲ’ ಎಂದರೆ ಯಾರು ಕೇಳುತ್ತಾರೆ? ಕೇಳುವುದಿಲ್ಲವೆಂದು ಗೊತ್ತಾದ ಮೇಲೆ ಅವರು ಹಾಗೆ ಹೇಳುವುದನ್ನು ಬಿಟ್ಟುಬಿಟ್ಟರು.

ನಿವೃತ್ತಿಯ ನಂತರ ಸಂಘ ಅವರನ್ನು ಮಾಸ್ತರರನ್ನಾಗಿ ಮಾಡಿಕೊಂಡಿತು. ಒಂದು ಸೀಟಿ, ಒಂದು ನೀಲಿ ಟೊಪ್ಪಿ, ಭಾನುವಾರದ ಗೌರವ. ಭಟ್ಕಳದ ಬಸ್ಸಿನಲ್ಲಿ ಕೂತಾಗಲೂ ಟೊಪ್ಪಿ ತೆಗೆಯುತ್ತಿರಲಿಲ್ಲ. ಕಂಡಕ್ಟರ್ ಅವರಿಗೆ ಟಿಕೆಟ್ ಕೊಡುವಾಗ ಸ್ವಲ್ಪ ನೆಟ್ಟಗಾಗುತ್ತಿದ್ದ ಎಂದು ಅವರೇ ಹೇಳಿದ್ದು.

ಗೋಡೆಯ ಮೇಲಿನ ನಿಯಮ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆವು. ಅದಕ್ಕೆ ಅವರು ಬೀಸುಬಲೆಯ ಉದಾಹರಣೆ ಕೊಟ್ಟರು. ಬಲೆಯ ಅಂಚಿಗೆ ಕಟ್ಟಿದ ಸೀಸ ಭಾರವಾದಷ್ಟೂ ಬಲೆ ಬೇಗ ಕೆಳಗಿಳಿಯುತ್ತದೆ. ಗುಂಡೂ ಸೀಸವೇ. ಭಾರದ ಗುಂಡು ನಿಧಾನ ಹೋಗುತ್ತದೆ, ನಿಧಾನ ಹೋದದ್ದು ದಾರಿಯಲ್ಲಿ ಬೀಳುತ್ತದೆ, ಆದ್ದರಿಂದ ಗುರಿಯನ್ನು ಮೇಲೆ ಹಿಡಿಯಬೇಕು. ಇದರಲ್ಲಿ ತಪ್ಪು ಹುಡುಕುವ ಧೈರ್ಯ ನಮಗಿರಲಿಲ್ಲ. ಹುಡುಕುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಸಂಘಕ್ಕೆ ಬರುತ್ತಿದ್ದದ್ದು ಒಂದೇ ಬಗೆಯ ಹಗುರ ಕಾಡತೂಸು; ಸಂಘದ ಹಳೇ ರಿವಾಲ್ವರ್ ಅದನ್ನು ಸರಿಯಾಗಿ ಕಪ್ಪು ವೃತ್ತಕ್ಕೇ ಕಳಿಸುತ್ತಿತ್ತು. ಭಾರದ ಗುಂಡು ಬರಲೇ ಇಲ್ಲ. ನಿಯಮ ಗೋಡೆಯ ಮೇಲೆ ನಿಶ್ಚಿಂತೆಯಿಂದ ಇತ್ತು.

ಕಳೆದ ದಸರೆ ಮುಗಿದ ಮೇಲೆ ಅದು ಬಂತು. ಹಳೆಯ ತಯಾರಿಕೆ ನಿಂತಿದೆಯೆಂದು ಅಂಗಡಿಯವರು ಬೇರೆ ಡಬ್ಬ ಕಳಿಸಿದ್ದರು. ಮೊದಲು ವ್ಯತ್ಯಾಸ ಗುರುತಿಸಿದವರು ನಮ್ಮ ಅಧ್ಯಕ್ಷ ಭಾಸ್ಕರ ಶೇಟರು. ಅವರದು ಹೊನ್ನಾವರದಲ್ಲಿ ಚಿನ್ನದ ಅಂಗಡಿ. ಕೈಗೆ ಬಂದದ್ದನ್ನು ತೂಗದೆ ಕೆಳಗಿಡುವ ಅಭ್ಯಾಸವಿಲ್ಲ. ಹಳೆಯದೊಂದು, ಹೊಸದೊಂದು ತೂಗಿ ನೋಡಿ, ಗುಂಡಿನ ತೂಕದಲ್ಲೇ ಸುಮಾರು ಮೂರು ಗ್ರಾಂ ವ್ಯತ್ಯಾಸವಿದೆ ಎಂದು ಸಭೆಯಲ್ಲಿ ಘೋಷಿಸಿದರು. ಮೂರು ಗ್ರಾಂ ಎನ್ನುವಾಗ ಅವರ ದನಿಯಲ್ಲಿ ಚಿನ್ನದ ಗೌರವವಿತ್ತು.

ಮಾಸ್ತರರ ಮುಖ ಅರಳಿತು. ಇಷ್ಟು ವರ್ಷ ಕಾದಿದ್ದ ಗಳಿಗೆ. ಅವರು ಸೀಟಿ ಊದಿ, ಗೋಡೆ ತೋರಿಸಿ, ಎಲ್ಲರೂ ಕಾಗದದ ಮೇಲಂಚಿಗೆ ಗುರಿ ಹಿಡಿಯಬೇಕೆಂದರು.

ಹಿಡಿದೆವು. ಒಂದು ಗುಂಡೂ ಕಾಗದಕ್ಕೆ ಬೀಳಲಿಲ್ಲ.

ನಮ್ಮಂಥವರ ಗುಂಡು ಕಾಗದಕ್ಕೆ ಬೀಳದಿರುವುದು ಸುದ್ದಿಯಲ್ಲ. ಆದರೆ ಸುಷ್ಮಾಳದೂ ಬೀಳಲಿಲ್ಲ. ಸುಷ್ಮಾ ಗೌಡ ಕತಗಾಲದ ಕಡೆಯ ಅರಣ್ಯ ರಕ್ಷಕಿ. ರಜೆಯ ದಿನ ಸ್ಕೂಟರ್ ಹತ್ತಿ ಬರುವವಳು, ನಮ್ಮ ಸಂಘದಲ್ಲಿ ನಿಜವಾಗಿ ಗುರಿ ಗೊತ್ತಿದ್ದವಳು ಅವಳೊಬ್ಬಳೇ. ಅವಳ ಗುಂಡೂ ಕಾಗದಕ್ಕೆ ತಾಗದಿದ್ದಾಗ ಮಾಸ್ತರರು, ಗುಂಡು ಕೆಳಗೆ ಮಣ್ಣಿಗೆ ಬಿದ್ದಿರಬೇಕು, ಇನ್ನೂ ಮೇಲೆ ಹಿಡಿ ಎಂದರು. ಇನ್ನೂ ಮೇಲೆ ಹಿಡಿದಳು. ನಂತರದ ವಾರ ಅವಳ ಉಸಿರಿನ ಮೇಲೆ ಅನುಮಾನ ಬಂತು. ಅದರ ಮುಂದಿನ ವಾರ ಕೈಬಳೆಯ ಮೇಲೆ, ಆಮೇಲೆ ಬೆಳಗಿನ ಅವಲಕ್ಕಿಯ ಮೇಲೆ. ಖಾಲಿ ಹೊಟ್ಟೆಯಲ್ಲಿ ಹೊಡೆದು ನೋಡಿದಳು. ಹಸಿವಾಯಿತು, ಅಷ್ಟೇ.

ಇದೇ ಸಮಯಕ್ಕೆ ಕಾರವಾರದ ಕಡೆಯ ಒಂದು ಸಂಘದೊಂದಿಗೆ ನಮ್ಮ ವರ್ಷದ ಪಂದ್ಯ ಹತ್ತಿರ ಬಂತು. ಎರಡು ವರ್ಷ ಸೋತಿದ್ದೆವು. ಶೇಟರು ಕಾರ್ಯಕಾರಿ ಸಮಿತಿ ಕರೆದು, ಈ ಸಲವೂ ಸೋತರೆ ಮಾಸ್ತರಿಕೆಯನ್ನು ಹುಬ್ಬಳ್ಳಿಯ ಅಜಯ ಎಂಬ ತರಬೇತುದಾರರಿಗೆ ಕೊಡುವುದೆಂದು ಠರಾವು ಮಾಡಿಸಿದರು. ಅಜಯರು ಪಂದ್ಯ ನೋಡಲು ಅತಿಥಿಯಾಗಿ ಬರುವುದೂ ನಿಶ್ಚಯವಾಯಿತು. ದಿನಕರ ಮೊಗೇರರಿಗೆ ಬಹಳ ಗೌರವದಿಂದ, ಶಾಲು ಹೊದಿಸಿ ಬೀಳ್ಕೊಡುವುದೆಂದೂ ಸೇರಿಸಿದರು. ಮಾಸ್ತರರು ಸಭೆಯಲ್ಲೇ ಇದ್ದರು. ಟೊಪ್ಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು.

ಪಂದ್ಯಕ್ಕೆ ಮೂರು ದಿನ ಇರುವಾಗ ತೆಂಗಿನಗುಂಡಿಯಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ನಡೆದದ್ದನ್ನು ಅವರ ಹೆಂಡತಿ ಕಮಲಿಯೇ ನಮಗೆ ಹೇಳಿದ್ದು. ಕಮಲಿ ಧಕ್ಕೆಯಲ್ಲಿ ಮೀನು ಕೊಂಡು ಮುರ್ಡೇಶ್ವರಕ್ಕೆ ಒಯ್ದು ಮಾರುವವರು. ಅವರ ತಮ್ಮ ಶಿವನ ದೋಣಿ ಬರುವುದನ್ನು ಕಾಯುತ್ತ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಶಿವ ಧಕ್ಕೆಯ ಆ ಬದಿಯಲ್ಲಿ ನಿಂತಿದ್ದ ದೋಣಿಯನ್ನು ಈ ಬದಿಗೆ ತರಬೇಕಿತ್ತು. ಕೈಗೆ ಜನ ಇರಲಿಲ್ಲ, ಅಲ್ಲೇ ನಿಂತಿದ್ದ ಭಾವನನ್ನು, ಅಂದರೆ ನಮ್ಮ ಮಾಸ್ತರರನ್ನು, ಹತ್ತಿಸಿಕೊಂಡ. ಅಷ್ಟು ದೂರಕ್ಕೆ ಹೊಟ್ಟೆ ತೊಳೆಸುವುದಿಲ್ಲವೆಂದು ಭಾವನೂ ಹತ್ತಿದರು.

ಅಂದು ಅಳಿವೆಯ ಕಡೆಯಿಂದ ಅಲೆ ಜೋರಾಗಿತ್ತು. ದೋಣಿ ಏಳುತ್ತ ಇಳಿಯುತ್ತ ಧಕ್ಕೆಯ ಹತ್ತಿರ ಬಂದಾಗ ಮಾಸ್ತರರು ಮುಂದೆ ನಿಂತು ಕಮಲಿಯ ಕೈಗೆ ಸಿಗುವಂತೆ ತೆಳ್ಳನೆಯ ನೈಲಾನ್ ಹಗ್ಗ ಒಗೆದರು. ಅದು ಕಮಲಿಯ ಕಾಲ ಹತ್ತಿರ, ಧಕ್ಕೆಯ ಅಂಚಿಗೆ ಬಿದ್ದು ಜಾರಿ ನೀರಿಗೆ ಹೋಯಿತು. ಶಿವ ಬೈಯುತ್ತ ನೀರು ಕುಡಿದು ಭಾರವಾದ ದಪ್ಪ ಹಗ್ಗ ಎತ್ತಿ ಕೊಟ್ಟ. ಇದು ಇನ್ನೂ ಕೆಳಗೆ ಬಿದ್ದೀತೆಂದು ಮಾಸ್ತರರು ಕಮಲಿಯ ತಲೆಗೆ ಗುರಿಯಿಟ್ಟು ಒಗೆದರು. ಅದು ಕಮಲಿಯ ತಲೆಯ ಮೇಲಿಂದ ಹಾರಿ ಹಿಂದಿದ್ದ ಐಸಿನ ಪೆಟ್ಟಿಗೆಗಳ ಮೇಲೆ ದೊಪ್ಪನೆ ಬಿತ್ತು.

“ಹಗೂರದ್ದು ಕಾಲಿಗೆ, ಭಾರದ್ದು ಆಕಾಶಕ್ಕೆ,” ಎಂದರು ಕಮಲಿ. “ಎಂತ ಲೆಕ್ಕ ನಿಮ್ದು? ಹೆಂಡತಿ ಕಂಡ್ರೆ ಇಷ್ಟು ಸಿಟ್ಟಾ?”

“ಭಾರದ್ದು ಒಗೆಯುವಾಗ ಕೆಳಗೆ ನೋಡಿ ಒಗೀಬೇಕು ಭಾವ,” ಎಂದ ಶಿವ.

“ಎಂತಕ್ಕೆ?”

“ಎಂತಕ್ಕೆ ಅಂದ್ರೆ? ಹಾಗೇ ಒಗೆಯುದು.”

ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಮಾಸ್ತರರು ಬಿಡಲಿಲ್ಲ. ಹಗ್ಗ ಮತ್ತೆ ಎಳೆದು ತರಿಸಿ ಒಗೆದರು. ತೆಳ್ಳನೆಯದು, ದಪ್ಪದ್ದು, ಮತ್ತೆ ತೆಳ್ಳನೆಯದು. ಈ ಸಲ ಕಮಲಿಯನ್ನು ನೋಡದೆ ತಮ್ಮ ಕೈಯನ್ನೇ ನೋಡುತ್ತ ಒಗೆದರು. ತೆಳ್ಳನೆಯ ಹಗ್ಗ ಕೈ ಬೀಸುವ ಮೊದಲೇ ಎಂಬಂತೆ ಹೋಗಿಬಿಡುತ್ತಿತ್ತು. ದಪ್ಪದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ ಕೈಯಲ್ಲೇ ಇರುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ಅಲೆ ಬಂದು ದೋಣಿಯ ಮೂತಿ ಎತ್ತುತ್ತಿತ್ತು, ದೋಣಿಯೊಂದಿಗೆ ಅವರ ಕೈಯೂ ಮೇಲೇಳುತ್ತಿತ್ತು, ಹಗ್ಗ ಬಿಡುವ ಹೊತ್ತಿಗೆ ಕೈ ಕಮಲಿಯ ತಲೆಯಿಂದಾಚೆಗೆ ಮುಖ ಮಾಡಿರುತ್ತಿತ್ತು. ಹಿಂದೆ ಸರದಿಯಲ್ಲಿ ನಿಂತಿದ್ದ ಎರಡು ದೋಣಿಗಳವರು ಕೊಂಕಣಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ತಮ್ಮ ಅಭಿಪ್ರಾಯ ತಿಳಿಸಿದರು. ಐಸು ಕರಗುತ್ತಿತ್ತು. ಮಾಸ್ತರರಿಗೆ ಯಾವುದೂ ಕೇಳಿಸಲಿಲ್ಲ. ಹೊಟ್ಟೆ ತೊಳೆಸುವುದೂ ಮರೆತುಹೋಗಿತ್ತು ಎಂದು ಕಮಲಿ ವಿಶೇಷವಾಗಿ ಹೇಳಿದರು. ಮದುವೆಯಾದ ಮೇಲೆ ಹಾಗಾದದ್ದು ಅದೇ ಮೊದಲಂತೆ.

ಮರುದಿನ ಸುಷ್ಮಾಳಿಗೆ ಫೋನು ಬಂತು. ಪಂದ್ಯದ ಹಿಂದಿನ ದಿನ ಶನಿವಾರ, ಅವಳು ಅರ್ಧ ದಿನ ರಜೆ ಹಾಕಿ ಬಂದಳು. ಚಪ್ಪರದ ಬೀಗದ ಕೈ ನನ್ನಲ್ಲಿ ಇದ್ದುದರಿಂದ ನಾನೂ ಇದ್ದೆ. ಮಾಸ್ತರರು ರಿವಾಲ್ವರ್ ತೆಗೆದು, ಗುಂಡಿನ ಚಕ್ರ ಹೊರಗೆ ಮಾಡಿ, ಖಾಲಿಯಿದೆಯೆಂದು ತಾವು ನೋಡಿ, ಸುಷ್ಮಾಳಿಗೆ ತೋರಿಸಿ, ನನಗೂ ತೋರಿಸಿದರು. ನಂತರ ಚೀಲದಿಂದ ಕೆತ್ತಿ ನಯ ಮಾಡಿದ ಒಂದು ಬಿದಿರಿನ ಕಡ್ಡಿ ತೆಗೆದರು. ಬಲೆಯ ದಾರ ಸುತ್ತಿ ನಳಿಗೆಯ ಒಳಗೆ ಅಲ್ಲಾಡದಷ್ಟು ಬಿಗಿ ಮಾಡಿಕೊಂಡು ತೂರಿಸಿದರು. ಕಡ್ಡಿ ನಳಿಗೆಯ ಬಾಯಿಂದ ಒಂದು ಮೊಳ ಹೊರಗೆ ನಿಂತಿತು. ಗುಂಡು ಹೊರಡುವ ದಾರಿ ಇದೇ ಎಂದರು.

ರಿವಾಲ್ವರನ್ನು ಮರಳಿನ ಚೀಲದ ಮೇಲಿಟ್ಟು, ನಳಿಗೆಯ ಹಿಂದಿನ ಕಚ್ಚು, ಮುಂದಿನ ಮೊನೆ, ಕಪ್ಪು ವೃತ್ತ ಮೂರೂ ಒಂದೇ ನೇರಕ್ಕೆ ಬರುವಂತೆ ಕೂರಿಸಿದರು. ಸುಷ್ಮಾ ಕಣ್ಣಿಟ್ಟು ಸರಿ ಇದೆ ಎಂದಳು. ಈಗ ಪಕ್ಕಕ್ಕೆ ಬಂದು ಕಡ್ಡಿ ಎಲ್ಲಿ ನೋಡುತ್ತಿದೆ ಹೇಳು ಎಂದರು.

ಕಡ್ಡಿ ವೃತ್ತವನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿತ್ತು. ಅದರ ನೇರಕ್ಕೆ ದಾರ ಹಿಡಿದು ನೋಡಿದರೆ ಹಲಗೆಯ ಬುಡಕ್ಕೆ ಹೋಗುತ್ತಿತ್ತು.

“ರಿವಾಲ್ವರ್ ಮಾಡಿದವ ತಪ್ಪು ಮಾಡಿದ್ನಾ ಮಾಸ್ತರ್ರೆ?” ಎಂದಳು ಸುಷ್ಮಾ.

“ಹಾಗಾದ್ರೆ ಇಷ್ಟು ವರ್ಷ ನಿನ್ನ ಗುಂಡು ಕಪ್ಪಿಗೆ ಬಿದ್ದದ್ದು ಹ್ಯಾಂಗೆ?”

ಸುಷ್ಮಾ ಆ ಕಡ್ಡಿಯನ್ನೇ ನೋಡುತ್ತ ನಿಧಾನವಾಗಿ ಬಲಗೈ ಚಾಚಿ, ಬಂದೂಕಿನ ಕುದುರೆ ಎಳೆದಂತೆ ಬೆರಳು ಮಡಿಸಿ, ಮಣಿಕಟ್ಟನ್ನು ಮೇಲಕ್ಕೆ ಎತ್ತಿದಳು. ಹೊಡೆದಾಗ ರಿವಾಲ್ವರ್ ಹಿಂದಕ್ಕೆ ಒದ್ದು ಮೂತಿ ಎತ್ತುತ್ತದೆ, ಅದು ಎಲ್ಲರಿಗೂ ಗೊತ್ತು. ಗುಂಡು ಹೋದ ಮೇಲೆ ಎತ್ತುತ್ತದೆ ಎಂದುಕೊಂಡಿದ್ದೆವು. ಹಾಗಲ್ಲ. ಗುಂಡು ಇನ್ನೂ ನಳಿಗೆಯೊಳಗೆ ಓಡುತ್ತಿರುವಾಗಲೇ ಮೂತಿ ಏಳಲು ಶುರುವಾಗಿರುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಸಣ್ಣ ಹೊತ್ತು, ಆದರೆ ಗುಂಡಿಗೆ ಅದು ಸಾಕು. ರಿವಾಲ್ವರ್ ಮಾಡಿದವನಿಗೆ ಇದು ಗೊತ್ತಿತ್ತು. ಏಳುವಷ್ಟನ್ನು ಮೊದಲೇ ತಗ್ಗಿಸಿ ಇಟ್ಟಿದ್ದ. ಹಗುರ ಗುಂಡು ಚುರುಕು, ಮೂತಿ ಸ್ವಲ್ಪ ಎದ್ದಿರುವಾಗಲೇ ಹೊರಗೆ ಬಿದ್ದುಬಿಡುತ್ತದೆ. ಭಾರದ್ದು ನಿಧಾನ, ಒದೆತವೂ ಜೋರು. ಅದು ಬಾಯಿಗೆ ಬರುವ ಹೊತ್ತಿಗೆ ಬಾಯಿಯೇ ಮೇಲಕ್ಕೆ ತಿರುಗಿರುತ್ತದೆ.

ಮಾಸ್ತರರು ಹಗ್ಗದ ಕಥೆ ಹೇಳಿದರು. ಸುಷ್ಮಾ ಕೇಳಿ, ಹಾಗಾದರೆ ಬೀಸುಬಲೆಯ ಸೀಸ ಸುಳ್ಳಾ ಎಂದಳು. ಸುಳ್ಳಲ್ಲ ಎಂದು ಮಾಸ್ತರರು ಸ್ವಲ್ಪ ಅವಸರದಿಂದಲೇ ಹೇಳಿದರು: ಹೊರಗೆ ಬಂದ ಮೇಲೆ ನಿಧಾನದ ಗುಂಡು ಜಾಸ್ತಿ ಬೀಳುವುದೇ ಸರಿ. ಆದರೆ ಈ ಕ್ವಾರಿಯ ದೂರಕ್ಕೆ ಭಾರದ್ದು ಹಗುರದ್ದಕ್ಕಿಂತ ಹೆಚ್ಚು ಬೀಳುವುದು ಒಂದು ಬೆರಳು, ಹೆಚ್ಚು ಏಳುವುದು ನಾಲ್ಕೈದು ಬೆರಳು ಇರಬೇಕು. ಹಲಗೆಯನ್ನು ಇನ್ನೂ ಬಹಳ ದೂರ ಒಯ್ದರೆ ಎಲ್ಲೋ ಒಂದು ಕಡೆ ತಮ್ಮ ನಿಯಮ ಸರಿಯಾಗಲೇಬೇಕು ಎಂದು ಅವರು ಗೋಡೆಯ ಆಚೆ, ಗುಡ್ಡದ ಆಚೆ ನೋಡಿದರು. ಅಷ್ಟು ದೂರಕ್ಕೆ ನಮ್ಮ ಸಂಘದ ಜಾಗ ಇಲ್ಲ.

ಹೇಳಿದ್ದು ಹೌದೋ ಅಲ್ಲವೋ ನೋಡಬೇಕಲ್ಲ. ಒಂದೇ ಕಾಗದಕ್ಕೆ ಎರಡು ಬಗೆಯ ಕಾಡತೂಸು ಹೊಡೆಯಬಾರದೆಂದು ಮಾಸ್ತರರೇ ಹಿಂದೆ ಕಟ್ಟುನಿಟ್ಟು ಮಾಡಿದ್ದರು. ಅದನ್ನು ಅವರೇ ಮುರಿದರು. ಕಡ್ಡಿ ತೆಗೆದು ನಳಿಗೆಯಲ್ಲಿ ದಾರದ ಎಳೆಯೂ ಉಳಿದಿಲ್ಲವೆಂದು ಎರಡು ಸಲ ನೋಡಿಕೊಂಡು, ಹಳೆಯ ಡಬ್ಬದ ತಳದಲ್ಲಿ ಉಳಿದಿದ್ದವುಗಳಲ್ಲಿ ಕೆಲವು, ಹೊಸತರ ಕೆಲವು ಕೊಟ್ಟು, ಎಲ್ಲಕ್ಕೂ ವೃತ್ತದ ನಡುವಿಗೇ ಗುರಿ ಹಿಡಿ ಎಂದರು. ಸುಷ್ಮಾ ಒಂದು ಅದು, ಒಂದು ಇದು ಎಂದು ಹೊಡೆದಳು. ನಾವು ನಡೆದು ಹೋಗಿ ನೋಡಿದೆವು. ಹಗುರದ ತೂತುಗಳು ಕಪ್ಪಿನ ನಡುವೆ ಗುಂಪಾಗಿದ್ದವು. ಭಾರದವು ಅದಕ್ಕಿಂತ ನಾಲ್ಕು ಬೆರಳು ಮೇಲೆ, ಅಷ್ಟೇ ಶಿಸ್ತಾಗಿ ಗುಂಪಾಗಿದ್ದವು.

ಆಗ ಸುಷ್ಮಾ ತಲೆ ಎತ್ತಿದವಳು ಗೋಡೆ ನೋಡಿ ನಗು ತಡೆಯಲು ತುಟಿ ಕಚ್ಚಿದಳು. ‘ಮೇಲೆ’ ಎಂಬ ಅಕ್ಷರಗಳ ಸುಣ್ಣದ ತುಂಬ ಸಿಡುಬಿನ ಕಲೆಗಳ ಹಾಗೆ ತೂತುಗಳು. ವಾರಗಟ್ಟಲೆ ನಾವೆಲ್ಲ ಕಾಣೆಯಾಯಿತೆಂದು ಮಣ್ಣಿನಲ್ಲಿ ಹುಡುಕಿದ ಗುಂಡುಗಳು ಅಲ್ಲಿದ್ದವು. ನಿಯಮವನ್ನು ಓದಿ ಓದಿ ನಿಯಮಕ್ಕೇ ಹೊಡೆದಿದ್ದೆವು.

ಮಾಸ್ತರರು ನಗಲಿಲ್ಲ. ನಾಳೆ ಸಂಘದ ಪರವಾಗಿ ಹೊಡೆಯುವ ಮೂರೂ ಜನ ಕೆಳಗೆ ಹಿಡಿದು ಹೊಡೆದರೆ ಗೆಲ್ಲುವ ಸಂಭವವಿದೆ. ಆದರೆ ಅದನ್ನು ಹೇಳಬೇಕಾದ ಜಾಗ ಈ ಗೋಡೆಯ ಎದುರು, ಹುಬ್ಬಳ್ಳಿಯವರ ಎದುರು. ಸುಷ್ಮಾಳಿಗೆ ಅರ್ಥವಾಯಿತು.

“ನೀವೆಂತ ಹೇಳುದು ಬ್ಯಾಡ. ನಾನೇ ಉಳಿದೋರ ಕಿವಿಯಲ್ಲಿ ಹೇಳ್ತೆ, ಆತಾ?”

ಮಾಸ್ತರರು ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಭಾನುವಾರ ಬೆಳಿಗ್ಗೆ ಕಾರವಾರದ ಕಡೆಯವರು ಬಂದರು, ಅಜಯರು ಬಂದರು. ಅಜಯರು ಸಣ್ಣ ವಯಸ್ಸಿನ, ಮೆದು ಮಾತಿನ ಮನುಷ್ಯ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸಿದ್ಧರಾಗಿ ಬಂದವರಿಗೆ ಬಹಳ ನಿರಾಶೆಯಾಯಿತು. ಶೇಟರು ಸ್ವಾಗತ ಭಾಷಣದಲ್ಲಿ ಮೂರು ಗ್ರಾಮಿನ ಸಂಶೋಧನೆಯನ್ನು ವಿವರವಾಗಿ ಹೇಳಿ, ಗೋಡೆಯ ಕಡೆ ಕೈ ತೋರಿಸಿ, ನಮ್ಮ ಸಂಘಕ್ಕೆ ಇಂಥ ಸಿದ್ಧಾಂತದ ಬುನಾದಿ ಇದೆ ಎಂದರು. ಅಜಯರು ಗೋಡೆ ಓದಿದರು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಸಭ್ಯರಾದ್ದರಿಂದ ಅಲ್ಲಿಂದ ಇಳಿಸಿಕೊಂಡರು.

ನಮ್ಮ ಕಡೆಯಿಂದ ಹೊಡೆಯುವವರು ಸುಷ್ಮಾ, ಕುಮಟೆಯ ಔಷಧದಂಗಡಿಯ ಪ್ರವೀಣ, ಮತ್ತು ಅಧ್ಯಕ್ಷರೆಂಬ ಕಾರಣಕ್ಕೆ ಶೇಟರು. ಸುಷ್ಮಾ ಪ್ರವೀಣನ ಕಿವಿಯ ಹತ್ತಿರ ಬಾಗುತ್ತಿದ್ದಳು. ಆಗ ಸೀಟಿ ಕೇಳಿಸಿತು.

ಮಾಸ್ತರರು ಗೋಡೆಯ ಕೆಳಗೆ ಹೋಗಿ ನಿಂತಿದ್ದರು. ಟೊಪ್ಪಿ ಕೈಯಲ್ಲಿತ್ತು.

“ಇಲ್ಲಿ ನಾನು ಬರದದ್ದು ಈ ದೂರಕ್ಕೆ ತಪ್ಪು,” ಎಂದರು. “ಭಾರದ ಗುಂಡು ಇಲ್ಲಿ ಮೇಲೆ ಹೋಗ್ತದೆ. ನಾಲ್ಕು ಬೆರಳು ಕೆಳಗೆ ಹಿಡೀರಿ.”

ಎದುರಾಳಿಗಳಿಗೂ ಕೇಳಿಸಿತ್ತಲ್ಲ, ಇದೆಂಥ ತರಬೇತಿ ಎಂದು ಶೇಟರು ನನ್ನ ಪಕ್ಕದಲ್ಲೇ ಗೊಣಗಿದರು. ನಂತರ ಅವರ ಸರದಿ ಬಂತು. ಆಹ್ವಾನಿತರ ಎದುರು ಅಧ್ಯಕ್ಷನಾದವನು ಕೆಳಗೆ ಗುರಿ ಹಿಡಿಯುವುದು ಶೋಭೆಯಲ್ಲವೆಂದು ಅವರಿಗೆ ತೋರಿರಬೇಕು; ಮೊದಲ ಗುಂಡನ್ನು ಗೋಡೆಯ ಅಪ್ಪಣೆಯಂತೆಯೇ ಹೊಡೆದರು. ‘ಮೇಲೆ’ಯ ಒಂದು ಏತ್ವದಿಂದ ಸುಣ್ಣ ಉದುರಿತು. ಎರಡನೆಯದಕ್ಕೆ ಕೆಳಗೆ ಹಿಡಿದರು. ಅದು ಕಪ್ಪಿಗೆ ಬಿತ್ತು. ಅಧ್ಯಕ್ಷಾವಧಿಯಲ್ಲಿ ಅವರ ಗುಂಡು ಕಪ್ಪಿಗೆ ಬಿದ್ದದ್ದು ಯಾರಿಗೂ ನೆನಪಿರಲಿಲ್ಲ. ಅವರಿಗೂ ಇರಲಿಲ್ಲ, ಆದ್ದರಿಂದ ಉಳಿದವನ್ನೆಲ್ಲ ಮಾಸ್ತರರು ಹೇಳಿದ ಹಾಗೆಯೇ ಹೊಡೆದರು. ಪ್ರವೀಣ ತನ್ನ ಪಾಲಿನದು ಮಾಡಿದ. ಸುಷ್ಮಾಳ ಕಾಗದದಲ್ಲಿ ತೂತುಗಳೆಲ್ಲ ಸೇರಿ ಒಂದು ಗೋಲಿಯಷ್ಟು ಬೆಳಕು ಕಾಣುತ್ತಿತ್ತು. ಗೆದ್ದೆವು. ಹೆಚ್ಚು ಅಂತರದಿಂದಲ್ಲ, ಶೇಟರ ಮೊದಲ ಗುಂಡಿನಂಥದ್ದು ಇನ್ನೊಂದಿದ್ದರೆ ಸೋಲುತ್ತಿದ್ದೆವು.

ಅಜಯರು ಚಹಾದ ಹೊತ್ತಿಗೆ ಮಾಸ್ತರರ ಬಳಿ ಹೋಗಿ, ಇದು ತಮಗೆ ಪಾಠದಲ್ಲಿ ಹೇಳಿಕೊಟ್ಟದ್ದು, ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಮಾಸ್ತರರು ಹೆಂಡತಿಗೆ ಹಗ್ಗ ಒಗೆದೆ ಎಂದರು. ಅಜಯರು ಬಹಳ ಹೊತ್ತು ಪ್ರಶ್ನೆ ಕೇಳಿದರು, ಬಿದಿರಿನ ಕಡ್ಡಿ ತರಿಸಿ ನೋಡಿದರು, ಅದನ್ನು ಒಯ್ಯಬಹುದೇ ಎಂದೂ ಕೇಳಿದರು. ಮಾಸ್ತರರು ಬೇರೆ ಮಾಡಿ ಕೊಡುತ್ತೇನೆ, ಇದು ನನಗೆ ಬೇಕು ಎಂದರು. ಶೇಟರು ಸಮಾರೋಪ ಭಾಷಣದಲ್ಲಿ, ಈ ಗೆಲುವಿನ ಮೂಲ ತಮ್ಮ ತಕ್ಕಡಿ ಎಂದು ವಿನಯದಿಂದ ಒಪ್ಪಿಕೊಂಡರು. ತಂದಿದ್ದ ಶಾಲನ್ನು ಅಜಯರಿಗೆ ಹೊದಿಸಿದರು. ಠರಾವಿನ ಸುದ್ದಿ ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ನಾವು ಹೋದಾಗ ಮಾಸ್ತರರು ಏಣಿಯ ಮೇಲಿದ್ದರು, ಕೆಳಗೆ ಕಮಲಿ ಏಣಿ ಹಿಡಿದಿದ್ದರು. ಕೆಂಪು ಮಣ್ಣು ಕಲಸಿ ‘ಮೇಲೆ’ ಎಂಬುದರ ಮೇಲೆ ಬಳಿಯುತ್ತಿದ್ದರು. ತೂತುಗಳನ್ನು ಮಾತ್ರ ಮುಚ್ಚಲಿಲ್ಲ. ಅಲ್ಲಿಗೆ ‘ಕೆಳಗೆ’ ಎಂದು ಬರೆಯುವುದೋ ಎಂದು ಸುಷ್ಮಾ ಕೇಳಿದಳು. ಬರೆಯಬಹುದಿತ್ತು, ಸುಣ್ಣ ಉಳಿದಿತ್ತು. ಅವರು ಬ್ರಶ್ಶು ಹಿಡಿದು ಸ್ವಲ್ಪ ಹೊತ್ತು ಆ ಖಾಲಿ ಜಾಗ ನೋಡಿ, ಕೆಳಗಿಳಿದು ಬಂದರು.

ಈಗ ಗೋಡೆಯ ಮೇಲೆ ‘ಗುಂಡು ಭಾರ, ಗುರಿ’ ಎಂದಿದೆ. ಆಮೇಲೆ ಕೆಂಪು ಕಲ್ಲು. ಹೊಸಬರು ಬಂದರೆ ಮುಂದೆ ಏನು ಬರೆಯಬೇಕಿತ್ತು ಎಂದು ಕೇಳಿಯೇ ಕೇಳುತ್ತಾರೆ. ಮಾಸ್ತರರು ಹೇಳುವುದಿಲ್ಲ. ಟೊಪ್ಪಿ ಸರಿಮಾಡಿಕೊಂಡು ಒಂದು ಹೊಸ ಕಾಗದ ಅಂಟಿಸಿ ಬರುತ್ತಾರೆ, ಹಳೆಯ ಡಬ್ಬದಲ್ಲಿ ಉಳಿದ ಹಗುರದ್ದೊಂದು, ಭಾರದ್ದೊಂದು ಕಾಡತೂಸು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.